ಕಡಲಿಂದ ಎದ್ದು ಬಂದವಳ ಮಾತು ಯಾರದು?

ಡಬ್ಬಿಂಗ್ ಕೆಲಸಕ್ಕೆ ಕನ್ನಡದಲ್ಲಿ ‘ಕಂಠದಾನ’ ಎಂಬ ಹೆಸರು ರೂಢಿಯಾಗಿದೆ. ಚೆಂದದ ಪದ. ಆದರೆ ಕೇಳಿದಾಗಲೆಲ್ಲ ನನಗೆ ಅದರ ಎರಡನೆಯ ಭಾಗದ ಮೇಲೆ ಅನುಮಾನ ಹುಟ್ಟುತ್ತದೆ. ದಾನವೆಂದರೆ ಕೊಟ್ಟ ಮೇಲೆ ಕೊಟ್ಟವರಿಗೆ ಆ ವಸ್ತುವಿನ ಮೇಲೆ ಹಕ್ಕಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದೂ ಹಿರಿಯರು ಹೇಳುತ್ತಾರೆ. ಡಬ್ಬಿಂಗ್ ಕಲಾವಿದರ ಬದುಕಿಗೆ ಈ ಎರಡೂ ಮಾತು ಅಕ್ಷರಶಃ ಒಪ್ಪುತ್ತವೆ. ಅವರ ದನಿ ಇನ್ನೊಬ್ಬರ ಮೈಗೆ ಸೇರಿಹೋಗುತ್ತದೆ, ಕೊಟ್ಟವರು ಯಾರೆಂದು ಯಾರಿಗೂ ತಿಳಿಯುವುದಿಲ್ಲ. ಆದರೆ ಅದು ದಾನವಲ್ಲ, ದುಡಿಮೆ. ಅದಕ್ಕೊಂದು ಕಸುಬಿದೆ, ಕೂಲಿಯಿದೆ, ಚರಿತ್ರೆಯಿದೆ. ಆ ಚರಿತ್ರೆಯ ಒಂದು ಪುಟವನ್ನು ಇಲ್ಲಿ ತೆರೆಯುತ್ತಿದ್ದೇನೆ. ಜಗತ್ತಿನ ಕೋಟ್ಯಂತರ ಜನ ಕೇಳಿದ, ಆದರೆ ಹೆಸರು ಹೇಳಿದರೆ ಯಾರೂ ಗುರುತಿಸದ ಒಬ್ಬ ಹೆಣ್ಣುಮಗಳ ಪುಟ ಅದು.

ಅವರ ಹೆಸರು ನಿಕಿ ವ್ಯಾನ್ ಡರ್ ಝಿಲ್.

1962ರ ಅಕ್ಟೋಬರ್ 5ರಂದು ಲಂಡನ್ನಿನಲ್ಲಿ ‘ಡಾ. ನೋ’ ಚಿತ್ರ ತೆರೆಕಂಡಿತು. ಜೇಮ್ಸ್ ಬಾಂಡ್ ಸರಣಿಯ ಮೊದಲ ಸಿನಿಮಾ. ಅದರಲ್ಲಿ ಒಂದು ದೃಶ್ಯವಿದೆ. ಜಮೈಕಾದ ಕಡಲ ತಡಿಯಲ್ಲಿ ಬಾಂಡ್ ಮಲಗಿದ್ದಾನೆ. ನೀರೊಳಗಿಂದ ಒಬ್ಬಳು ಎದ್ದು ಬರುತ್ತಾಳೆ. ಬಿಳಿ ಬಿಕಿನಿ, ಸೊಂಟದಲ್ಲಿ ಚಾಕು, ಕೈಯಲ್ಲಿ ಕಪ್ಪೆಚಿಪ್ಪು, ಬಾಯಲ್ಲಿ ಗುನುಗು. ಸಿನಿಮಾ ಇತಿಹಾಸದಲ್ಲಿ ಅತಿ ಹೆಚ್ಚು ಸಲ ನಕಲಾದ ದೃಶ್ಯಗಳಲ್ಲಿ ಇದೂ ಒಂದು. ಆ ಪಾತ್ರದ ಹೆಸರು ಹನಿ ರೈಡರ್, ನಟಿ ಸ್ವಿಟ್ಜರ್ಲೆಂಡಿನ ಉರ್ಸುಲಾ ಆಂಡ್ರೆಸ್.

ಇಷ್ಟು ಎಲ್ಲರಿಗೂ ಗೊತ್ತು. ಆದರೆ ಅಂದು ಕಡಲಿಂದ ಎದ್ದು ಬಂದದ್ದು ಒಬ್ಬಳಲ್ಲ, ಮೂವರು. ಮೈ ಉರ್ಸುಲಾ ಅವರದು. ಗುನುಗುವ ಹಾಡು ಡಯಾನಾ ಕೂಪ್ಲಂಡ್ ಅವರದು. ಇವರು ಚಿತ್ರದ ಸಂಗೀತಗಾರ ಮಾಂಟಿ ನಾರ್ಮನ್ ಅವರ ಪತ್ನಿಯಾಗಿದ್ದವರು, ಮುಂದೆ ಬ್ರಿಟಿಷ್ ಟೆಲಿವಿಷನ್ನಿನಲ್ಲಿ ಹೆಸರಾದ ನಟಿ. ಹಾಡು ನಿಲ್ಲಿಸಿ ಹನಿ ಬಾಂಡ್‌ನತ್ತ ತಿರುಗಿ ಮಾತಾಡುತ್ತಾಳಲ್ಲ, ಆ ಮಾತು ನಿಕಿ ಅವರದು. ಚಿತ್ರದ ಹೆಸರುಪಟ್ಟಿಯಲ್ಲಿ ಈ ಮೂವರ ಪೈಕಿ ಒಬ್ಬರಷ್ಟೇ ಇದ್ದಾರೆ.

ನಿಕಿ ಹುಟ್ಟಿದ್ದು 1935ರಲ್ಲಿ, ಬರ್ಲಿನ್ ನಗರದಲ್ಲಿ. ತಂದೆ ವರ್ನರ್ ವ್ಯಾನ್ ಡರ್ ಝಿಲ್ ಯಹೂದಿ ಧರ್ಮಗುರು. ಹಿಟ್ಲರನ ಜರ್ಮನಿಯಲ್ಲಿ ಯಹೂದಿ ಧರ್ಮಗುರುವಿನ ಮನೆಯಲ್ಲಿ ಹುಟ್ಟುವುದೆಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಮಹಾಯುದ್ಧ ಶುರುವಾದ 1939ರಲ್ಲಿ ಆ ಕುಟುಂಬ ಇಂಗ್ಲೆಂಡಿಗೆ ನಿರಾಶ್ರಿತರಾಗಿ ಬಂತು. ವರ್ನರ್ ಲಂಡನ್ನಿನ ಯಹೂದಿ ಸಮುದಾಯದಲ್ಲಿ ದೊಡ್ಡ ಹೆಸರಾದರು. 1956ರಲ್ಲಿ ಯಹೂದಿ ಧರ್ಮಗುರುಗಳನ್ನು ತರಬೇತು ಮಾಡುವ ಲಿಯೋ ಬೆಕ್ ಕಾಲೇಜು ಹುಟ್ಟಿದ್ದು ಅವರ ಪ್ರಯತ್ನದಿಂದ. ಮಗಳು ಮಾತ್ರ ಬೇರೆ ದಾರಿ ಹಿಡಿದಳು. ನಟನೆಯ ದಾರಿ, ಅದರಲ್ಲೂ ಕಣ್ಣಿಗೆ ಕಾಣದ ನಟನೆಯ ದಾರಿ.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ನಿಕಿಗೆ ಇಂಗ್ಲಿಷ್ ತಾಯ್ನುಡಿಯಲ್ಲ. ನಾಲ್ಕು ವರ್ಷದ ಮಗುವಾಗಿ, ಬದುಕಿ ಉಳಿಯಲು ಬಂದ ನಾಡಿನಲ್ಲಿ, ಕಿವಿಯಿಂದ ಕಲಿತ ಭಾಷೆ. ಮನೆಯೊಳಗೆ ಒಂದು ನುಡಿ, ಬೀದಿಯಲ್ಲಿ ಇನ್ನೊಂದು ನುಡಿ ಇರುವ ಮಕ್ಕಳ ಕಿವಿ ಹೇಗೆ ಹರಿತವಾಗುತ್ತದೆ ಎಂಬುದು ನಮಗೆ ಹೊಸತಲ್ಲ. ಬೆಂಗಳೂರಿನ ಯಾವ ಗಲ್ಲಿಗೆ ಹೋದರೂ ಮೂರು ಭಾಷೆಯಲ್ಲಿ ಜಗಳವಾಡುವ ಮಕ್ಕಳು ಸಿಗುತ್ತಾರೆ. ಯಾರ ನುಡಿ ಎಲ್ಲಿ ಬಾಗುತ್ತದೆ, ಯಾವ ಅಕ್ಷರದಲ್ಲಿ ಊರು ಸಿಕ್ಕಿಬೀಳುತ್ತದೆ ಎಂಬುದು ಅಂಥ ಮಕ್ಕಳಿಗೆ ಬೇಗ ತಿಳಿಯುತ್ತದೆ. ನಿಕಿಯ ಮುಂದಿನ ಜೀವನವೆಲ್ಲ ಈ ತಿಳಿವಳಿಕೆಯ ಮೇಲೆ ನಿಂತಿತು.

ಉರ್ಸುಲಾ ಅವರ ದನಿಯನ್ನು ಏಕೆ ಬದಲಿಸಿದರು? ಇಯಾನ್ ಫ್ಲೆಮಿಂಗ್ 1958ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಹನಿ ಜಮೈಕಾದಲ್ಲೇ ಬೆಳೆದ ಹುಡುಗಿ, ಅಲ್ಲಿ ತಲೆತಲಾಂತರದಿಂದ ನೆಲೆಸಿದ ಬಿಳಿಯರ ಮನೆತನದವಳು. ಉರ್ಸುಲಾ ಅವರದೋ ದಟ್ಟವಾದ ಸ್ವಿಸ್ ಜರ್ಮನ್ ಉಚ್ಚಾರಣೆ. ನಿರ್ಮಾಪಕರು ನಟಿಯ ರೂಪವನ್ನು ಉಳಿಸಿಕೊಂಡು ದನಿಯನ್ನು ತೆಗೆದುಹಾಕಿದರು. ಆ ಜಾಗಕ್ಕೆ ಬಂದ ನಿಕಿ ಶುದ್ಧ ಲಂಡನ್ ಇಂಗ್ಲಿಷ್ ಮಾತಾಡಲಿಲ್ಲ. ಹಾಗೆ ಮಾತಾಡಿದ್ದರೆ ಆ ಮುಖಕ್ಕೆ ಆ ಮಾತು ಹೊಂದುತ್ತಿರಲಿಲ್ಲ. ಎಲ್ಲಿಯದೆಂದು ಬೆರಳಿಟ್ಟು ತೋರಿಸಲಾಗದ, ಆದರೆ ದೂರದ್ದೆಂದು ತಿಳಿಯುವ ಒಂದು ಎಳೆಯನ್ನು ಮಾತಿನಲ್ಲಿ ಉಳಿಸಿದರು. ಬರ್ಲಿನ್ನಿನಿಂದ ಬಂದ ನಿರಾಶ್ರಿತೆ ಸ್ವಿಟ್ಜರ್ಲೆಂಡಿನ ನಟಿಗಾಗಿ ಜಮೈಕಾದ ಹುಡುಗಿಯ ಇಂಗ್ಲಿಷನ್ನು ಕಟ್ಟಿಕೊಟ್ಟರು. ಸಿನಿಮಾದಲ್ಲಿ ‘ಸಹಜ’ ಎಂದು ನಾವು ಕರೆಯುವುದು ಹೀಗೆ ತಯಾರಾಗುತ್ತದೆ.

ಕೆಲಸದ ರೀತಿಯನ್ನೂ ಸ್ವಲ್ಪ ನೋಡೋಣ. ಈಗಿನಂತೆ ಕಂಪ್ಯೂಟರ್ ಮುಂದೆ ಕೂತು ಅರ್ಧ ಪದವನ್ನು ಎಳೆದು ಸರಿಮಾಡುವ ಕಾಲ ಅದಲ್ಲ. 35 ಮಿಲಿಮೀಟರ್ ಫಿಲ್ಮು ಸೆಕೆಂಡಿಗೆ 24 ಚೌಕಟ್ಟಿನಂತೆ ಓಡುತ್ತಿತ್ತು. ಒಂದು ಅಡಿ ಫಿಲ್ಮಿಗೆ 16 ಚೌಕಟ್ಟು. ಅಂದರೆ ಹತ್ತು ಸೆಕೆಂಡಿನ ಮಾತಿಗೆ ಹದಿನೈದು ಅಡಿ ಫಿಲ್ಮು. ಆ ತುಂಡನ್ನು ಕತ್ತರಿಸಿ, ತುದಿಗೆ ತುದಿ ಅಂಟಿಸಿ, ಬಳೆಯ ಹಾಗೆ ಸುತ್ತಾಗಿ ಮಾಡುತ್ತಿದ್ದರು. ಅದಕ್ಕೆ ಲೂಪ್ ಎಂದು ಹೆಸರು. ಪರದೆಯ ಮೇಲೆ ಅದೇ ಮಾತು ಮತ್ತೆ ಮತ್ತೆ ಬರುತ್ತಿತ್ತು. ಕತ್ತಲ ಕೋಣೆಯಲ್ಲಿ ಮೈಕಿನ ಮುಂದೆ ನಿಂತ ಕಲಾವಿದೆ ಮೊದಲು ನೋಡುತ್ತಾಳೆ, ಮೂಲ ನಟಿಯ ದನಿಯನ್ನು ಕೇಳುತ್ತಾಳೆ, ಆಮೇಲೆ ತುಟಿಯನ್ನು ಹಿಂಬಾಲಿಸುತ್ತಾಳೆ.

ಎಲ್ಲಕ್ಕಿಂತ ಕಷ್ಟ ಯಾವುದು ಎಂಬುದು ನಮ್ಮ ವ್ಯಾಕರಣ ಓದಿದವರಿಗೆ ಸುಲಭವಾಗಿ ಹೊಳೆಯುತ್ತದೆ. ಕ, ಚ, ಟ, ತ ವರ್ಗದ ಅಕ್ಷರಗಳು ಬಾಯೊಳಗೆ ಹುಟ್ಟುತ್ತವೆ, ಹೊರಗಿನಿಂದ ನೋಡುವವರಿಗೆ ಅಷ್ಟಾಗಿ ಕಾಣುವುದಿಲ್ಲ. ಪ ವರ್ಗದವು ಓಷ್ಠ್ಯಗಳು. ಪ, ಬ, ಮ ಎನ್ನಲು ಎರಡು ತುಟಿಯೂ ಮುಚ್ಚಲೇಬೇಕು. ಪರದೆಯ ಮೇಲಿನ ತುಟಿ ಮುಚ್ಚಿದ ಕ್ಷಣಕ್ಕೇ ಮೈಕಿನ ಮುಂದಿನ ತುಟಿಯೂ ಮುಚ್ಚಬೇಕು. ಎರಡು ಮೂರು ಚೌಕಟ್ಟು ಆಚೀಚೆಯಾದರೂ, ಅಂದರೆ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಪ್ಪಿದರೂ, ನೋಡುವವರ ಕಣ್ಣು ಮೋಸವನ್ನು ಹಿಡಿಯುತ್ತದೆ. ಇಷ್ಟು ಲೆಕ್ಕಾಚಾರದ ನಡುವೆ ಭಯ, ಲಜ್ಜೆ, ತುಂಟತನ ಎಲ್ಲವೂ ದನಿಯಲ್ಲಿ ಇರಬೇಕು. ಎದುರಿಗೆ ಮಾತಾಡುವ ಬಾಂಡ್ ಇಲ್ಲ, ಕಡಲಿಲ್ಲ, ಮರಳಿಲ್ಲ. ನಟಿಯ ಉಸಿರನ್ನು ಕೂಡ ಸಾಲ ಪಡೆದು ಆಡಬೇಕು. ಇದು ನಟನೆಯಲ್ಲ ಎನ್ನುವವರು ಒಮ್ಮೆ ಅಲ್ಲಿ ನಿಂತು ನೋಡಬೇಕು.

‘ಡಾ. ನೋ’ದಲ್ಲಿ ನಿಕಿ ಹನಿಗೊಬ್ಬಳಿಗೇ ದನಿಯಾದದ್ದಲ್ಲ. ಚಿತ್ರದ ಶುರುವಿನಲ್ಲಿ ಜೂಜಿನ ಮೇಜಿನಲ್ಲಿ ಬಾಂಡ್‌ಗೆ ಎದುರಾಗುವ ಸಿಲ್ವಿಯಾ ಟ್ರೆಂಚ್ ಪಾತ್ರವನ್ನು ಯೂನಿಸ್ ಗೇಸನ್ ಮಾಡಿದರು, ಮಾತು ನಿಕಿಯದು. ಇನ್ನೂ ಕೆಲವು ಸಣ್ಣಪುಟ್ಟ ಸ್ತ್ರೀ ಪಾತ್ರಗಳಿಗೂ ಅದೇ ದನಿ. ಗೇಸನ್ ಇಂಗ್ಲಿಷರೇ, ಉಚ್ಚಾರಣೆಯ ತೊಂದರೆ ಇದ್ದವರಲ್ಲ. ಮುಂದೆ ‘ಗೋಲ್ಡ್‌ಫಿಂಗರ್’ (1964) ಚಿತ್ರದಲ್ಲಿ ಮೈತುಂಬ ಚಿನ್ನದ ಬಣ್ಣ ಬಳಿಸಿಕೊಂಡು ಸಾಯುವ ಶರ್ಲಿ ಈಟನ್ ಕೂಡ ಇಂಗ್ಲಿಷರೇ. ಅವರಿಗೂ ನಿಕಿಯೇ ಮಾತಾಡಿದರು. ಹಾಗಾಗಿ ಉಚ್ಚಾರಣೆಯೊಂದೇ ಕಾರಣವಲ್ಲ. ಹೆಣ್ಣಿನ ಮುಖ ಒಂದು ಬಿಡಿಭಾಗ, ದನಿ ಇನ್ನೊಂದು ಬಿಡಿಭಾಗ, ಬೇಕಾದ ಹಾಗೆ ಜೋಡಿಸಬಹುದು ಎಂಬ ಭಾವನೆಯೂ ಅದರ ಹಿಂದೆ ಕೆಲಸ ಮಾಡುತ್ತಿತ್ತು.

‘ಥಂಡರ್‌ಬಾಲ್’ (1965) ಚಿತ್ರದ ಫ್ರೆಂಚ್ ನಟಿ ಕ್ಲೋಡಿನ್ ಓಜೆ, ‘ಯೂ ಓನ್ಲಿ ಲಿವ್ ಟ್ವೈಸ್’ (1967) ಚಿತ್ರದ ಜಪಾನಿ ನಟಿ ಮಿಯೆ ಹಾಮಾ, ಇವರ ಇಂಗ್ಲಿಷ್ ಮಾತು ಕೂಡ ನಿಕಿಯದೇ. ಈ ಚಿತ್ರಗಳನ್ನು ನಾನು ಮತ್ತೊಮ್ಮೆ ಕಿವಿಯಿಂದ ಕೇಳಲು ಕೂತೆ. ಕಣ್ಣು ಮುಚ್ಚಿದ ಮೇಲೆ ಒಂದು ತಮಾಷೆ ತಿಳಿಯುತ್ತದೆ. ಬಾಂಡ್ ಎಂದರೆ ಪ್ರತಿ ಚಿತ್ರದಲ್ಲೂ ಹೊಸ ಹೆಣ್ಣಿನ ಹಿಂದೆ ಹೋಗುವವನು ಎಂದು ಹೆಸರಾದವನು. ಪಾಪ, ಅವನು ಎಷ್ಟೋ ವರ್ಷ ಹಳೆಯ ದನಿಯನ್ನೇ ಮತ್ತೆ ಮತ್ತೆ ಭೇಟಿಯಾಗುತ್ತಿದ್ದ. ಮುಖಗಳು ಬದಲಾದವು, ದೇಶಗಳು ಬದಲಾದವು, ಮಾತಾಡುತ್ತಿದ್ದವಳು ಒಬ್ಬಳೇ.

ಬಾಂಡ್ ಚಿತ್ರಗಳಾಚೆಗೂ ನಿಕಿಯ ದನಿ ಹರಡಿತ್ತು. 1965ರ ‘ಷಿ’ ಚಿತ್ರದಲ್ಲಿ ಉರ್ಸುಲಾ ಸಾವಿಲ್ಲದ ರಾಣಿ ಆಯೇಷಾ ಆದರು. ಆಕೆಯ ಆಜ್ಞೆ ಮೀರುವವರಿಲ್ಲ ಎಂಬುದೇ ಆ ಕಥೆಯ ತಿರುಳು. ಆಜ್ಞೆ ಹೊರಡುತ್ತಿದ್ದುದು ಮಾತ್ರ ನಿಕಿಯ ಕೊರಳಿನಿಂದ. 1966ರ ‘ಒನ್ ಮಿಲಿಯನ್ ಇಯರ್ಸ್ ಬಿ.ಸಿ.’ ಚಿತ್ರದಲ್ಲಿ ರಾಕೆಲ್ ವೆಲ್ಚ್ ಆದಿಮಾನವ ಕುಲದ ಹೆಣ್ಣು. ಭಾಷೆಯೇ ಸರಿಯಾಗಿ ಹುಟ್ಟಿರದ ಆ ಲೋಕದಲ್ಲಿ ಅರೆಬರೆ ಪದಗಳು, ಕೂಗುಗಳು ಮಾತ್ರ. ಆ ಕೂಗುಗಳಿಗೂ ನಿಕಿ ಬೇಕಾದರು.

ಈ ಬದುಕಿನಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ ‘ಗೋಲ್ಡ್‌ಫಿಂಗರ್’ ಚಿತ್ರದ್ದು. ಖಳನಾಯಕನ ಪಾತ್ರಕ್ಕೆ ಬಂದವರು ಜರ್ಮನಿಯ ಹಿರಿಯ ನಟ ಗರ್ಟ್ ಫ್ರೋಬ. ಅವರಿಗೆ ಇಂಗ್ಲಿಷ್ ಬಾರದು. ಮಾತು ಕಲಿಸಲು ಸೆಟ್ಟಿಗೆ ಬಂದವರು ನಿಕಿ. ಕೊನೆಗೆ ಫ್ರೋಬ ಅವರ ದನಿಯನ್ನೂ ಬದಲಿಸಿ ಮೈಕೆಲ್ ಕಾಲಿನ್ಸ್ ಎಂಬ ಇಂಗ್ಲಿಷ್ ನಟನ ದನಿ ಸೇರಿಸಿದರು. ಆದರೆ ಡಬ್ಬಿಂಗ್ ಆಗಬೇಕಾದರೂ ತುಟಿ ಇಂಗ್ಲಿಷಿನಲ್ಲೇ ಆಡಿರಬೇಕು, ಸರಿಯಾದ ವೇಗದಲ್ಲಿ ಆಡಿರಬೇಕು. ಆ ತುಟಿಯನ್ನು ಪಳಗಿಸಿದವರು ನಿಕಿ.

ಚಿತ್ರ ಬಿಡುಗಡೆಯಾದ ಮೇಲೆ, ಫ್ರೋಬ ಹಿಂದೆ ನಾತ್ಸಿ ಪಕ್ಷದ ಸದಸ್ಯರಾಗಿದ್ದರು ಎಂಬ ಸಂಗತಿ ಹೊರಬಿತ್ತು. ಇಸ್ರೇಲಿನಲ್ಲಿ ಅವರ ಚಿತ್ರಗಳಿಗೆ ನಿಷೇಧ ಬಂತು. ಅನಂತರ ಒಬ್ಬ ಯಹೂದಿ ವ್ಯಕ್ತಿ ಮುಂದೆ ಬಂದು, ಯುದ್ಧಕಾಲದಲ್ಲಿ ತನ್ನನ್ನೂ ತನ್ನ ತಾಯಿಯನ್ನೂ ಅಡಗಿಸಿಟ್ಟು ಕಾಪಾಡಿದವರು ಇದೇ ಫ್ರೋಬ ಎಂದು ತಿಳಿಸಿದ. ನಿಷೇಧ ತೆರವಾಯಿತು. ಬರ್ಲಿನ್ನಿನಿಂದ ಜೀವ ಉಳಿಸಿಕೊಂಡು ಬಂದ ಧರ್ಮಗುರುವಿನ ಮಗಳು ಹಾಗೂ ಒಂದು ಕಾಲಕ್ಕೆ ಆ ಪಕ್ಷದ ಸದಸ್ಯನಾಗಿದ್ದು ಯಹೂದಿಗಳನ್ನು ಕಾಪಾಡಿದ ನಟ, ಇಬ್ಬರೂ ಎದುರುಬದುರು ಕೂತು ಒಂದೊಂದೇ ಇಂಗ್ಲಿಷ್ ಪದವನ್ನು ಉರು ಹೊಡೆಯುತ್ತಿದ್ದ ಆ ದಿನಗಳನ್ನು ನಾನು ಊಹಿಸಿಕೊಳ್ಳುತ್ತೇನೆ. ಆ ಚಿತ್ರದಲ್ಲಿ ಸಿಗುವ ಯಾವ ರೋಚಕ ದೃಶ್ಯಕ್ಕಿಂತಲೂ ಇದು ದೊಡ್ಡದು. ಚರಿತ್ರೆ ಕೆಲವೊಮ್ಮೆ ಪರದೆಯ ಈಚೆಗೇ ನಡೆದುಬಿಡುತ್ತದೆ.

ಬೇರೆಯವರ ಮೈಗೆ ದನಿ ಕೊಡುವ ಕೆಲಸ ನಿಕಿಯಿಂದ ಶುರುವಾದದ್ದಲ್ಲ. 1929ರಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್ ‘ಬ್ಲ್ಯಾಕ್‌ಮೇಲ್’ ತೆಗೆಯುವಾಗ ಮೂಕಿಯ ಕಾಲ ಮುಗಿದು ಟಾಕಿಯ ಕಾಲ ಹುಟ್ಟುತ್ತಿತ್ತು. ನಾಯಕಿ ಆನಿ ಓಂದ್ರಾ ಅವರದು ಚೆಕ್ ಉಚ್ಚಾರಣೆ. ಆಮೇಲೆ ದನಿ ಸೇರಿಸುವ ತಂತ್ರ ಆಗ ಕೈಗೆ ಬಂದಿರಲಿಲ್ಲ. ಹಾಗಾಗಿ ಜೋನ್ ಬ್ಯಾರಿ ಎಂಬ ನಟಿ ಕ್ಯಾಮೆರಾದ ಕಣ್ಣಿಗೆ ಬೀಳದ ಹಾಗೆ ಪಕ್ಕದಲ್ಲಿ ನಿಂತು ಮಾತು ಹೇಳಿದರು, ಓಂದ್ರಾ ತುಟಿ ಆಡಿಸಿದರು. ನಮ್ಮ ಗೊಂಬೆಯಾಟದಲ್ಲಿ ಪರದೆಯ ಹಿಂದೆ ಕೂತವರು ಮಾತಾಡಿ ಮುಂದಿನ ಗೊಂಬೆ ಕುಣಿಯುವ ಹಾಗೆ. ಒಂದೇ ವ್ಯತ್ಯಾಸ, ಗೊಂಬೆಯಾಟದಲ್ಲಿ ಹಿಂದಿನವರು ಇದ್ದಾರೆಂದು ಸಭೆಗೆ ಗೊತ್ತಿರುತ್ತದೆ.

ಈ ಗೊತ್ತಿರುವುದು, ಗೊತ್ತಿಲ್ಲದಿರುವುದು ಎಂಬುದೇ ನನ್ನ ಮುಖ್ಯ ಪ್ರಶ್ನೆ. ದನಿ ಕೊಟ್ಟವರು ಪರದೆಯ ಮೇಲೆ ಮರೆಯಾಗಿರಬೇಕು, ನಿಜ. ನೋಡುವವರಿಗೆ ಅನುಮಾನ ಬಾರದಂತೆ ಮರೆಯಾಗುವುದೇ ಆ ಕಸುಬಿನ ಗೆಲುವು. ಆದರೆ ಚಿತ್ರದ ಹೆಸರುಪಟ್ಟಿಯಲ್ಲೂ ಮರೆಯಾಗಬೇಕು ಎಂಬುದು ಕಸುಬಿನ ನಿಯಮವಲ್ಲ, ವ್ಯಾಪಾರದ ನಿಯಮ. ಹೊಸ ಮುಖವನ್ನು ಮಾರಲು ಹೊರಟವರಿಗೆ ಆ ಮುಖ ಪೂರ್ತಿ ಒಬ್ಬಳದೇ ಎಂದು ಜನ ನಂಬುವುದು ಬೇಕಿತ್ತು. ಈ ಎರಡು ಮರೆಗಳನ್ನು ನಾವು ಒಂದೇ ಎಂದು ತಿಳಿದದ್ದರಿಂದ ಒಂದು ಇಡೀ ವರ್ಗದ ಕಲಾವಿದರು ಚರಿತ್ರೆಯಿಂದ ಜಾರಿಹೋದರು.

1964ರಲ್ಲಿ ಉರ್ಸುಲಾ ಅವರಿಗೆ ಹೊಸ ತಾರೆಯರಿಗಾಗಿ ಇದ್ದ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂತು. ಅದರಲ್ಲಿ ಅವರ ತಪ್ಪೇನಿಲ್ಲ, ದನಿ ತೆಗೆದುಹಾಕಿಸಿಕೊಂಡವರೂ ಒಂದು ರೀತಿಯಲ್ಲಿ ಕಳೆದುಕೊಂಡವರೇ. 2001ರಲ್ಲಿ ಅವರು ತೊಟ್ಟಿದ್ದ ಬಿಕಿನಿಯನ್ನು ಲಂಡನ್ನಿನ ಕ್ರಿಸ್ಟೀಸ್ ಸಂಸ್ಥೆ ಹರಾಜು ಹಾಕಿತು, ಸಾವಿರಗಟ್ಟಲೆ ಪೌಂಡಿಗೆ ಮಾರಾಟವಾಯಿತು. ಎರಡು ತುಂಡು ಬಟ್ಟೆಗೆ ಬೆಲೆಯಿದೆ, ಇಂಥವರು ತೊಟ್ಟದ್ದು ಎಂಬ ದಾಖಲೆಯಿದೆ. ಅದೇ ದೃಶ್ಯದ ದನಿಗೆ ಹೆಸರುಪಟ್ಟಿಯಲ್ಲಿ ಒಂದು ಸಾಲು ಇರಲಿಲ್ಲ.

ಮರೆಯಲ್ಲಿರುವುದು ಅನಿವಾರ್ಯವಲ್ಲ ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. 1949ರ ‘ಮಹಲ್’ ಹಿಂದಿ ಚಿತ್ರದಲ್ಲಿ ಲತಾ ಮಂಗೇಶ್ಕರ್ ಹಾಡಿದ ಹಾಡೊಂದರ ಗ್ರಾಮಫೋನ್ ತಟ್ಟೆಯ ಮೇಲೆ ಮೊದಲು ಅಚ್ಚಾದ ಹೆಸರು ಲತಾ ಅಲ್ಲ, ‘ಕಾಮಿನಿ’. ಅದು ಚಿತ್ರದೊಳಗಿನ ಪಾತ್ರದ ಹೆಸರು! ಹಾಡಿದವರು ಯಾರು ಎಂದು ಕೇಳುಗರು ಕೇಳತೊಡಗಿದ ಮೇಲೆ ಹಿನ್ನೆಲೆ ಗಾಯಕರ ಹೆಸರು ಹೊರಬಂದು, ಮುಂದೆ ಅವರೇ ತಾರೆಯರಾದರು. ರಾಜ್‌ಕುಮಾರ್ ಅವರ ತುಟಿಗೆ ಪಿ.ಬಿ. ಶ್ರೀನಿವಾಸ್ ಅವರ ಕಂಠ ಎಂಬುದು ಕನ್ನಡಿಗರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಆ ಮಾಯೆ ಒಡೆಯಲಿಲ್ಲ, ಇಬ್ಬರ ಮೇಲೂ ಪ್ರೀತಿ ಹೆಚ್ಚಿತು. ಹಾಡಿನ ದನಿಗೆ ಹೆಸರು ಕೊಟ್ಟ ನಾವೇ ಮಾತಿನ ದನಿಗೆ ಕೊಡಲಿಲ್ಲ. ಮಲಯಾಳಂನ ‘ಮಣಿಚಿತ್ರತಾಳ್’ (1993) ಚಿತ್ರವನ್ನು ನೆನೆಯಿರಿ, ನಮ್ಮ ‘ಆಪ್ತಮಿತ್ರ’ದ ಮೂಲ ಅದು. ಅದರಲ್ಲಿ ಶೋಭನಾ ನಟಿಸಿದ ನಾಗವಲ್ಲಿಯ ತಮಿಳು ಮಾತುಗಳು ದುರ್ಗಾ ಎಂಬ ಕಲಾವಿದೆಯದು ಎಂದು ನಿರ್ದೇಶಕ ಫಾಜಿಲ್ ಸ್ಪಷ್ಟಪಡಿಸಿದ್ದು 2016ರಲ್ಲಿ. ಎರಡು ದಶಕಕ್ಕೂ ಹೆಚ್ಚು ಕಾಲ ಜನ ಅದನ್ನು ಭಾಗ್ಯಲಕ್ಷ್ಮಿ ಎಂಬ ಇನ್ನೊಬ್ಬ ಕಂಠದಾನ ಕಲಾವಿದೆಯ ದನಿ ಎಂದೇ ತಿಳಿದಿದ್ದರು.

ನಿಕಿ ಕಹಿಯಾಗಿ ಕೂರಲಿಲ್ಲ. ಸಿನಿಮಾದಾಚೆ ಬೇರೆ ಬದುಕುಗಳನ್ನೇ ಕಟ್ಟಿಕೊಂಡರು. ಕಾನೂನು ಓದಿ ವಕೀಲೆಯಾದರು, ಬ್ರಿಟನ್ನಿನ ಸಂಸತ್ತಿನಲ್ಲಿ ರಾಜಕೀಯ ಸಂಶೋಧನೆಯ ಕೆಲಸ ಮಾಡಿದರು, ಚಿತ್ರ ಬರೆದರು, ಕವಿತೆ ಬರೆದರು. ಇತರರ ಮಾತನ್ನು ಅವರವರ ತುಟಿಗೆ ತಕ್ಕಂತೆ ಆಡಿದವರು ತಮ್ಮ ಕಕ್ಷಿಗಾರರ ಪರ ಮಾತಾಡುವ ವೃತ್ತಿಗೆ ಹೋದದ್ದು ನನಗೆ ಆಕಸ್ಮಿಕವೆನಿಸುವುದಿಲ್ಲ. ವಕೀಲಿಯೂ ಒಂದು ಕಂಠದಾನವೇ. ಅಲ್ಲಿ ಮಾತಾಡಿದವರ ಹೆಸರು ದಾಖಲೆಗೆ ಹೋಗುತ್ತದೆ, ಅಷ್ಟೇ ವ್ಯತ್ಯಾಸ. 2013ರಲ್ಲಿ ತಮ್ಮ ಆತ್ಮಕಥೆ ಪ್ರಕಟಿಸಿದರು. ಫ್ಲೆಮಿಂಗ್ ಅವರ ‘ಫಾರ್ ಯುವರ್ ಐಸ್ ಓನ್ಲಿ’ ಎಂಬ ಶೀರ್ಷಿಕೆಯಲ್ಲಿ ಕಣ್ಣನ್ನು ತೆಗೆದು ಕಿವಿಯನ್ನಿಟ್ಟು ‘ಫಾರ್ ಯುವರ್ ಇಯರ್ಸ್ ಓನ್ಲಿ’ ಎಂದು ಹೆಸರಿಟ್ಟರು. ಐವತ್ತು ವರ್ಷ ಎಲ್ಲರೂ ಬರೀ ಕಣ್ಣಿಂದ ನೋಡಿದ್ದನ್ನು ಈಗಲಾದರೂ ಕಿವಿಗೊಟ್ಟು ಕೇಳಿ ಎಂಬ ಕೋರಿಕೆ ಅದರಲ್ಲಿದೆ. 2021ರ ಮಾರ್ಚ್‌ನಲ್ಲಿ, 85ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇದನ್ನೆಲ್ಲ ಕನ್ನಡದಲ್ಲಿ ಈಗ ಬರೆಯಲು ಒಂದು ಕಾರಣವಿದೆ. ಬೇರೆ ಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದಕ್ಕೆ 1960ರ ದಶಕದಿಂದ ನಮ್ಮಲ್ಲಿ ಗಟ್ಟಿಯಾದ ವಿರೋಧವಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂತು. ಆಮೇಲೆ ನಿಧಾನಕ್ಕೆ ಬಾಗಿಲು ತೆರೆಯಿತು. ಅದು ಸರಿಯೋ ತಪ್ಪೋ ಎಂಬ ವಾದ ಬೇರೆ, ಅದರಲ್ಲಿ ಎರಡೂ ಕಡೆ ತೂಕದ ಮಾತುಗಳಿವೆ. ಆದರೆ ಫಲ ಕಣ್ಣ ಮುಂದಿದೆ. ಇಂದು ಹೈದರಾಬಾದಿನ, ಚೆನ್ನೈನ, ಹಾಲಿವುಡ್ಡಿನ ನಟನಟಿಯರು ಕನ್ನಡದಲ್ಲಿ ಮಾತಾಡುತ್ತಿದ್ದಾರೆ. ಅಂದರೆ ಕನ್ನಡಿಗರೇ ಆದ ಯಾರೋ ಕತ್ತಲ ಕೋಣೆಯಲ್ಲಿ ನಿಂತು ಅವರ ತುಟಿಗೆ ನಮ್ಮ ಪ, ಬ, ಮಗಳನ್ನು ಹೊಂದಿಸುತ್ತಿದ್ದಾರೆ. ಮುಂದಿನ ತಲೆಮಾರಿನ ಮಕ್ಕಳ ಕಿವಿಯಲ್ಲಿ ಉಳಿಯುವ ಕನ್ನಡದಲ್ಲಿ ಒಂದು ಪಾಲು ಅವರದು.

ಅವರಲ್ಲಿ ಎಷ್ಟು ಜನರ ಹೆಸರನ್ನು ನಾವು ಹೇಳಬಲ್ಲೆವು? ಕೆಲವು ಒಟಿಟಿಗಳಲ್ಲಿ ಚಿತ್ರ ಮುಗಿದ ಮೇಲೆ ಕನ್ನಡ ಡಬ್ಬಿಂಗ್ ಕಲಾವಿದರ ಪಟ್ಟಿ ಬರುತ್ತದೆ. ಅದು ಶುರುವಾಗುವ ಹೊತ್ತಿಗೆ ಮುಂದಿನ ಚಿತ್ರಕ್ಕೆ ಹೋಗುವ ಗುಂಡಿ ಪರದೆಯ ಮೂಲೆಯಲ್ಲಿ ಮಿನುಗುತ್ತಿರುತ್ತದೆ. ಅದನ್ನು ಒತ್ತದೆ ಪಟ್ಟಿಯನ್ನು ಕೊನೆಯವರೆಗೆ ಓದುವ ಅಭ್ಯಾಸವನ್ನು ನಾನು ಮಾಡಿಕೊಂಡಿದ್ದೇನೆ. ಅದಕ್ಕೆ ಅರ್ಧ ನಿಮಿಷ ಸಾಕು. ಪಡೆದದ್ದು ದಾನವೇ ಆಗಿದ್ದರೂ ದಾನಿಯ ಹೆಸರು ಕೇಳುವುದು ಪಡೆದವರ ಮರ್ಯಾದೆ. ದುಡಿಮೆ ಎಂದು ತಿಳಿದ ಮೇಲಂತೂ ಅದು ಋಣ.